ಮಲೆನಾಡಿನ ಕಾನುಗಳೂ ಅವುಗಳ ಕ್ಷಯವೂ

೧

ಮರಗಳ ಸಮೂಹವನ್ನು ಹೇಳುವ ಶಬ್ದಗಳು ಕನ್ನಡದಲ್ಲಿ ಹಲವಿವೆ. ಕಾಡು, ಅಡವಿ, ಬನ, ಮಲೆ, ಹಾಡಿ, ಹಕ್ಕಲು, ಕಾನು ಎಂಬಿವುಗಳನ್ನು ನಿಘಂಟುಗಳು ಬಹುಮಟ್ಟಿಗೆ ಒಂದೇ ಅರ್ಥದ ಮಾತುಗಳೆಂದು ಎಣಿಸುತ್ತವೆ. ಕಾವ್ಯದಲ್ಲಿಯೂ ಪ್ರಾಸಕ್ಕೂ ಛಂದಸ್ಸಿಗೂ ಒಗ್ಗಿದಂತೆ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದುಂಟು. ಆದರೆ ಶಿವಮೊಗ್ಗೆಯ ಸೊರಬ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ, ಉತ್ತರ ಕನ್ನಡದ ಸಿದ್ದಾಪುರ, ಶಿರಸಿಗಳ ಕಡೆಯಲ್ಲಿಯೂ ನೆಲವನ್ನು ಉತ್ತು ಬಾಳಿದ ಜನರ ಮಾತಿನಲ್ಲಿ ಇವು ಪರ್ಯಾಯಪದಗಳಲ್ಲ. ಅವರಿಗೆ ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲಿ ಎಲೆಯುದುರಿ ಬಿಸಿಲು ನೆಲಕ್ಕೆ ಬೀಳುವುದು ಕಾಡು. ವರ್ಷದ ಹನ್ನೆರಡು ತಿಂಗಳೂ ಹಸುರಾಗಿದ್ದು, ನಡುಹಗಲಿನಲ್ಲಿಯೂ ಕತ್ತಲೆಯನ್ನು ಹಿಡಿದಿಟ್ಟುಕೊಂಡಿರುವುದು ಕಾನು. ಕಾಡಿನಲ್ಲಿ ದನ ಮೇಯುವುದು, ಸೌದೆ ಕಡಿಯುವುದು, ಕುಮರಿ ಸುಡುವುದು ನಡೆಯುತ್ತಿದ್ದಿತು. ಕಾನಿನೊಳಕ್ಕೆ ಕೊಡಲಿಯನ್ನು ಒಯ್ಯುತ್ತಿರಲಿಲ್ಲ.

ಈ ಭೇದವು ಕೇವಲ ಮಾತಿನದಲ್ಲ, ಒಂದು ಆಚಾರದ್ದು ಮತ್ತು ಒಂದು ಹಕ್ಕಿನದು. ಮಾತಿನ ಭೇದವು ಸರ್ಕಾರದ ದಫ್ತರಗಳಲ್ಲಿ ಅಳಿಸಿಹೋದ ಮೇಲೆ ನೆಲದ ಮೇಲಿನ ಭೇದವೂ ಕ್ರಮಕ್ರಮವಾಗಿ ಅಳಿಯಿತೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ. ಕಾನು ಹೊಲವಾಗಿ, ತೋಟವಾಗಿ, ಜಲಾಶಯವಾಗಿ, ನೀಲಗಿರಿಯ ನೆಡುತೋಪಾಗಿ ಮಾರ್ಪಟ್ಟಾಗ ಕಳೆದುಹೋದುದು ಮರಗಳ ಸಂಖ್ಯೆಯಷ್ಟೇ ಅಲ್ಲ. ಈಗ ಜೀವವೈವಿಧ್ಯವೆಂಬ ಹೆಸರಿನಿಂದ ಕರೆಯಲ್ಪಡುವ, ಎಣಿಕೆಗೆ ಸುಲಭವಾಗಿ ಸಿಲುಕದ ಸಂಪತ್ತೊಂದು ಅದರೊಡನೆ ಹೋಯಿತು.

ತಮಿಳಿನ ‘ಕಾನ್’, ‘ಕಾನಂ’ ಎಂಬ ಶಬ್ದಗಳಿಗೂ ಅರಣ್ಯವೆಂದೇ ಅರ್ಥ. ಆದುದರಿಂದ ಈ ಮಾತು ದ್ರಾವಿಡ ಭಾಷೆಗಳ ಹಳೆಯ ಸ್ವತ್ತೆಂಬುದರಲ್ಲಿ ಸಂದೇಹವಿಲ್ಲ. ಸಂಸ್ಕೃತದ ‘ಕಾನನ’ ಶಬ್ದಕ್ಕೂ ಇದಕ್ಕೂ ಸಂಬಂಧವನ್ನು ಊಹಿಸಿದ ಪಂಡಿತರಿದ್ದಾರೆ. ಕಾನಸೂರು, ಕಾನಗೋಡು, ಕಾನ್ಲೆ, ಕತ್ತಲೆಕಾನು ಮೊದಲಾದ ಗ್ರಾಮನಾಮಗಳಲ್ಲಿ ಆ ಶಬ್ದವು ಇಂದಿಗೂ ಕಿವಿಗೆ ಬೀಳುತ್ತದೆ. ಹೆಸರಿನಲ್ಲಿ ಕಾನು ಉಳಿದು ನೆಲದಲ್ಲಿ ಅದು ಇಲ್ಲವಾದ ಊರುಗಳೂ ಉಂಟು.

೨

ಕಾನಿನ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ. ಪಶ್ಚಿಮ ಘಟ್ಟದ ನೆತ್ತಿಯಿಂದ ಮೂಡಲಿಗೆ ಬಂದಂತೆಲ್ಲ ಮಳೆಯು ಬೇಗ ಬೇಗ ಕಡಿಮೆಯಾಗುತ್ತದೆ. ಘಟ್ಟದ ಅಂಚಿನಲ್ಲಿ ನಿತ್ಯಹರಿದ್ವರ್ಣದ ಅರಣ್ಯವು ಸಹಜವಾದುದು. ಸೊರಬದಂತಹ ಮೂಡಣ ಭಾಗದಲ್ಲಿ ಎಲೆಯುದುರುವ ಮತ್ತಿ, ಹೊನ್ನೆ, ನಂದಿ, ತೇಗಗಳೇ ಪ್ರಧಾನ. ಅಂತಹ ಎಲೆಯುದುರುವ ಕಾಡಿನ ನಡುವೆ, ಭತ್ತದ ಗದ್ದೆಗಳ ಮೇಲ್ಗಡೆಯಲ್ಲಿ, ಕಣಿವೆಗಳ ನೆತ್ತಿಯಲ್ಲಿ ದ್ವೀಪಗಳಂತೆ ನಿಂತಿದ್ದ ಹಸುರುಗಾಡುಗಳೇ ಕಾನುಗಳು. ಹಲಸು, ಮಾವು, ನೇರಳೆ, ಧೂಪ, ಸುರಹೊನ್ನೆ, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಬೈನೆ ಇವೇ ಮುಂತಾದ ವೃಕ್ಷಗಳೂ, ಅವುಗಳನ್ನು ಹಬ್ಬಿದ ಕಾಡುಮೆಣಸಿನ ಬಳ್ಳಿಗಳೂ, ಬೆತ್ತದ ಪೊದೆಗಳೂ ಅವುಗಳಲ್ಲಿ ಬೆಳೆಯುತ್ತಿದ್ದುವು.

ಈ ಕಾನುಗಳು ಮನುಷ್ಯಸ್ಪರ್ಶವಿಲ್ಲದ ಅರಣ್ಯಗಳೆಂದು ಭಾವಿಸುವುದು ತಪ್ಪು. ಜನರು ಅವುಗಳಿಂದ ಮೆಣಸು, ಜೇನು, ಬೈನೆಯ ಹೆಂಡ, ಹಣ್ಣು, ಔಷಧಿಯ ತೊಗಟೆ ಮೊದಲಾದುವನ್ನು ತೆಗೆಯುತ್ತಿದ್ದರು. ಮೆಣಸಿನ ಬಳ್ಳಿಗೆ ಅನುಕೂಲವಾಗುವಂತೆ ಕೆಳಗಿನ ಪೊದೆಗಳನ್ನು ಸವರುತ್ತಿದ್ದರು. ಆದರೆ ಇದೆಲ್ಲವೂ ಮರ ನಿಂತಿರುವಾಗಲೇ ಪಡೆಯತಕ್ಕ ಉತ್ಪನ್ನ. ಮರವನ್ನು ಕೆಡವಿದರೆ ಬಳ್ಳಿಯೂ ಇಲ್ಲ, ಜೇನೂ ಇಲ್ಲ. ಲಾಭವೂ ರಕ್ಷಣೆಯೂ ಒಂದೇ ಕಡೆಗೆ ಎಳೆಯುತ್ತಿದ್ದುದರಿಂದ ಕಾನು ಉಳಿಯಿತು. ಅದರ ಮೇಲೆ ದೈವದ ಭಯವು ಮುದ್ರೆಯನ್ನೊತ್ತಿತ್ತು. ಭೂತಪ್ಪ, ಚೌಡಮ್ಮ, ಜಟಕಪ್ಪ, ಹುಲಿದೇವರು ಮೊದಲಾದ ದೈವಗಳು ಒಂದೊಂದು ಕಾನಿನಲ್ಲಿ ನೆಲಸಿದ್ದುವು. ಅವುಗಳಿಗೆ ಗುಡಿಯೆಂಬುದು ಎಷ್ಟೋ ಕಡೆ ಇರಲಿಲ್ಲ. ಕಲ್ಲೊಂದು, ಅದಕ್ಕೆ ನೆರಳಾದ ಮರವೊಂದು, ಅಷ್ಟೇ. ಕಾನೇ ಗುಡಿಯಾಗಿದ್ದಿತು.

ಇನ್ನೊಂದು ಪ್ರಯೋಜನವು ಎಲ್ಲಕ್ಕಿಂತ ಮುಖ್ಯವಾದುದು. ಕಾನಿನ ಕೆಳಗೆ ಒರತೆ, ಒರತೆಯ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ ಮತ್ತು ಅಡಕೆಯ ತೋಟ ಎಂಬುದು ಮಲೆನಾಡಿನ ಗ್ರಾಮಗಳ ಸಾಮಾನ್ಯ ವಿನ್ಯಾಸ. ದಟ್ಟವಾದ ಎಲೆಯ ಮಾಡು ಮಳೆಯ ಹೊಡೆತವನ್ನು ತಡೆಯುವುದು. ಕೊಳೆತ ತರಗು ನೀರನ್ನು ಹೀರಿಕೊಂಡು ಮೆಲ್ಲಮೆಲ್ಲನೆ ನೆಲಕ್ಕೆ ಇಳಿಸುವುದು. ಕಾನಿರುವ ಹಳ್ಳದಲ್ಲಿ ಚೈತ್ರ ವೈಶಾಖಗಳಲ್ಲಿಯೂ ನೀರು ಹರಿಯುವುದೆಂಬುದನ್ನು ರೈತನು ಯಾವ ಶಾಸ್ತ್ರವನ್ನು ಓದದೆಯೂ ಬಲ್ಲವನಾಗಿದ್ದನು.

೩

ಸೊರಬ ಸಿದ್ದಾಪುರಗಳ ಈ ಸೀಮೆಯು ಪ್ರಾಚೀನ ಬನವಾಸಿನಾಡಿನ ಒಡಲು. ಕ್ರಿ. ಶ. ೯೪೧ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಬನವಾಸಿಯ ಬನಗಳನ್ನು ಕೊಂಡಾಡಿರುವುದು ಪ್ರಸಿದ್ಧವಾಗಿದೆ. ಕವಿಯ ವರ್ಣನೆಯನ್ನು ಸಸ್ಯಶಾಸ್ತ್ರದ ಪಟ್ಟಿಯೆಂದು ತಿಳಿಯಲಾಗದು. ಕವಿಸಮಯವೂ ಅದರಲ್ಲಿ ಸೇರಿರುವುದು. ಆದರೂ ಅಷ್ಟು ಹಿಂದೆಯೇ ಈ ನಾಡಿನ ಹಿರಿಮೆಯು ಅದರ ತಂಪು, ನೀರು ಮತ್ತು ಹಸುರುಗಳಲ್ಲಿ ಕಾಣಲ್ಪಟ್ಟಿತೆಂಬುದಕ್ಕೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

ಮೆಣಸಿನ ವ್ಯಾಪಾರವು ಈ ಸೀಮೆಯ ರಾಜಕೀಯವನ್ನೂ ನಡೆಸಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಅವಳ ತರುವಾಯ ಕೆಳದಿಯ ನಾಯಕರು ಕರಾವಳಿಯ ರೇವುಗಳನ್ನೂ ಘಟ್ಟದ ಮೇಲಣ ಮೆಣಸಿನ ಭೂಮಿಯನ್ನೂ ಒಂದೇ ಆಳಿಕೆಗೆ ತಂದರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶಿವಪ್ಪನಾಯಕನು ಏರ್ಪಡಿಸಿದ ‘ಶಿಸ್ತು’ ಎಂಬ ಕಂದಾಯಪದ್ಧತಿಯು ಇಂದಿಗೂ ಜನರ ನಾಲಗೆಯ ಮೇಲಿದೆ. ಮುಂದಿನ ಕಾಲದಲ್ಲಿ ಕಾನುಗಳ ಮೇಲೆ ಸಲ್ಲುತ್ತಿದ್ದ ತೆರಿಗೆಗೆ ‘ಕಾನುಶಿಸ್ತು’ ಎಂಬ ಹೆಸರೇ ಬಂದಿತು. ಕಾನನ್ನು ಕಾನಾಗಿಯೇ ಉಳಿಸಿ ಅದರ ಫಲದ ಮೇಲೆ ತೆರಿಗೆಯನ್ನು ಎತ್ತಿದುದು ಗಮನಾರ್ಹ. ರಾಜ್ಯದ ಬೊಕ್ಕಸಕ್ಕೂ ಕಾನಿನ ಉಳಿವಿಗೂ ಆಗ ವಿರೋಧವಿರಲಿಲ್ಲ.

೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಕಂಪೆನಿಯವರ ಅಪ್ಪಣೆಯಂತೆ ಹೊರಟ ಫ್ರಾನ್ಸಿಸ್ ಬುಕಾನನ್ನನು ೧೮೦೧ರಲ್ಲಿ ಸೋಂದೆ, ಶಿರಸಿ, ಬನವಾಸಿ, ಕೆಳದಿ, ಇಕ್ಕೇರಿಗಳ ಮಾರ್ಗವಾಗಿ ಸಂಚರಿಸಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಉತ್ತರ ಕನ್ನಡದ ಅರಣ್ಯಗಳ ವಿಷಯವಾಗಿ ಒಂದು ಮಾತಿದೆ. ಕಾಡುಗಳು ಊರ ದೇವರ ಸ್ವತ್ತೆಂದೂ, ಊರ ಗೌಡನ ಮುಖಾಂತರ ದೇವರ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನರು ಅವನಿಗೆ ಹೇಳಿದರು. ಸರ್ಕಾರವು ತನ್ನ ಸ್ವತ್ತನ್ನು ಕೇಳದಂತೆ ಮಾಡಲು ಹೂಡಿದ ಉಪಾಯವಿದೆಂದು ಬುಕಾನನ್ನನು ಬಗೆದನು. ಮುಂದಿನ ನೂರು ವರ್ಷಗಳ ಅರಣ್ಯನೀತಿಯ ಬೀಜವು ಈ ಒಂದು ಅಭಿಪ್ರಾಯದಲ್ಲಿಯೇ ಅಡಗಿರುವುದು. ಜನರು ದೇವರದೆಂದದ್ದನ್ನು ಹೊಸ ಸರ್ಕಾರವು ತನ್ನದೆಂದಿತು. ಯಾರದೂ ಅಲ್ಲದ ನೆಲವೆಂದೆಣಿಸಿದುದನ್ನು ಯಾವುದಕ್ಕೆ ಬೇಕಾದರೂ ಉಪಯೋಗಿಸಬಹುದೆಂಬ ಭಾವನೆಗೆ ಇಲ್ಲಿಂದ ದಾರಿಯಾಯಿತು.

೪

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸರ್ಕಾರಗಳ ಕಣ್ಣು ಮೊದಲು ಬಿದ್ದುದು ಕುಮರಿಯ ಮೇಲೆ. ೧೮೪೭-೪೮ರಲ್ಲಿ ಮೈಸೂರಿನಲ್ಲಿಯೂ, ೧೮೬೦ರಲ್ಲಿ ಮದರಾಸು ಸರ್ಕಾರದ ಆಜ್ಞೆಯಿಂದ ಕನ್ನಡ ಜಿಲ್ಲೆಯಲ್ಲಿಯೂ ಕುಮರಿಬೇಸಾಯವು ನಿರ್ಬಂಧಿಸಲ್ಪಟ್ಟಿತು. ೧೮೬೪ರಲ್ಲಿ ಮೈಸೂರಿನ ಅರಣ್ಯಖಾತೆಯು ಸ್ಥಾಪಿತವಾಯಿತು. ಆ ವರ್ಷವೇ ಭಾರತದ ಅರಣ್ಯಗಳ ಮುಖ್ಯಾಧಿಕಾರಿಯಾಗಿ ನೇಮಕವಾದ ಡೀಟ್ರಿಚ್ ಬ್ರಾಂಡಿಸನು ಗ್ರಾಂಟ್ ಎಂಬ ಅಧಿಕಾರಿಯೊಡನೆ ಸೊರಬದ ಕಾನುಗಳನ್ನು ಕುರಿತು ೧೮೬೮ನೆಯ ಮೇ ತಿಂಗಳಲ್ಲಿ ಒಂದು ವರದಿಯನ್ನು ಬರೆದನು. ಕಾನುಗಳ ಚರಿತ್ರೆಗೆ ಇದಕ್ಕಿಂತ ಬೆಲೆಯುಳ್ಳ ದಾಖಲೆಯು ಮತ್ತೊಂದಿಲ್ಲ. ಸೊರಬ ತಾಲ್ಲೂಕೊಂದರಲ್ಲಿಯೇ ೧೭೧ ಕಾನುಗಳಿದ್ದುವೆಂದೂ ಅವುಗಳ ಒಟ್ಟು ವಿಸ್ತಾರವು ೩೨,೫೯೪ ಎಕರೆಗಳೆಂದೂ ಅದರಿಂದ ತಿಳಿಯಬರುತ್ತದೆ. ಸರಾಸರಿ ಲೆಕ್ಕದಲ್ಲಿ ಒಂದು ಕಾನಿಗೆ ಸುಮಾರು ೧೯೦ ಎಕರೆ. ಎಂದರೆ, ಇವು ನಾಲ್ಕು ಮರಗಳ ದೇವರಬನಗಳಾಗಿರಲಿಲ್ಲ. ಹಕ್ಕಿಗಳಿಗೂ ಮೃಗಗಳಿಗೂ ಸಂಸಾರ ಹೂಡಲು ಸಾಲುವಷ್ಟು ವಿಶಾಲವಾಗಿದ್ದುವು. ಒಂದರಿಂದ ಮತ್ತೊಂದಕ್ಕೆ ಹಾರಿಹೋಗುವಷ್ಟು ಸಮೀಪವಾಗಿಯೂ ಇದ್ದುವು.

ರೈಸ್ ಮಹಾಶಯರ ಮೈಸೂರು ಗೆಜೆಟಿಯರಿನಲ್ಲಿಯೂ ಸೊರಬವು ಕಾನುಗಳಿಂದ ತುಂಬಿದ ತಾಲ್ಲೂಕೆಂದೂ, ಅವುಗಳಲ್ಲಿ ಮೆಣಸಿನ ಬಳ್ಳಿಗಳನ್ನೂ ಕೆಲವೆಡೆಗಳಲ್ಲಿ ಕಾಫಿಯನ್ನೂ ಬೆಳೆಸುತ್ತಿದ್ದರೆಂದೂ, ಬಗನಿ ಮರದಿಂದ ಹೆಂಡವನ್ನು ಇಳಿಸುತ್ತಿದ್ದರೆಂದೂ ಉಕ್ತವಾಗಿದೆ. ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿದ ಉತ್ತರ ಕನ್ನಡದಲ್ಲಿ ಅರಣ್ಯದ ಹಕ್ಕುಗಳನ್ನು ನಿರ್ಣಯಿಸಲು ನಿಯಮಿತನಾದ ವಿಂಗೇಟ್ ಎಂಬ ಅಧಿಕಾರಿಯು ೧೮೮೮ರಲ್ಲಿ, ಕಾನುಗಳು ಆರ್ಥಿಕವಾಗಿಯೂ ಹವಾಗುಣದ ದೃಷ್ಟಿಯಿಂದಲೂ ಬಹು ಮುಖ್ಯವಾದುವೆಂದೂ, ಒರತೆಗಳಿಗೂ ಬತ್ತದ ಹಳ್ಳಗಳಿಗೂ ಆಧಾರವೆಂದೂ ಬರೆದನು. ಆದುದರಿಂದ, ಕಾನುಗಳ ಬೆಲೆಯನ್ನು ಅಂದಿನ ಸರ್ಕಾರಗಳು ಅರಿಯದೆ ಹಾಳುಮಾಡಿದುವೆಂದು ಹೇಳುವುದು ಪೂರ್ಣಸತ್ಯವಲ್ಲ. ಅರಿತವರಿದ್ದರು, ಅರಿತುದನ್ನು ಬರೆದಿಟ್ಟರು. ಆದರೆ ಅವರ ವರದಿಗಳು ದಫ್ತರದಲ್ಲಿಯೇ ಉಳಿದುವು.

೫

ಕಾನಿನ ಕ್ಷಯಕ್ಕೆ ಆದಿಯು ಕೊಡಲಿಯಿಂದಲ್ಲ, ಲೇಖನಿಯಿಂದ ಆಯಿತೆಂದು ಮೇಲೆ ಸೂಚಿಸಲಾಯಿತು. ಹೊಸ ಆಡಳಿತದಲ್ಲಿ ನೆಲಕ್ಕೆ ಎರಡೇ ಜಾತಿ: ಅರಣ್ಯಖಾತೆಯದು, ಇಲ್ಲವೇ ಕಂದಾಯಖಾತೆಯದು. ಕಾನಾದರೋ ಎರಡೂ ಆಗಿದ್ದಿತು, ಎರಡೂ ಆಗಿರಲಿಲ್ಲ. ಅದು ಅರಣ್ಯವಾಗಿದ್ದು ಗ್ರಾಮದ ಅನುಭೋಗದಲ್ಲಿದ್ದಿತು. ತೆರಿಗೆ ಸಲ್ಲಿಸಿದರೂ ಸಾಗುವಳಿಯಾಗಿರಲಿಲ್ಲ. ಇಂತಹ ಮಿಶ್ರವಸ್ತುವಿಗೆ ಹೊಸ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲದೆ ಹೋಯಿತು.

ಪರಿಣಾಮವು ಇಬ್ಬಗೆಯಾಯಿತು. ರಕ್ಷಿತಾರಣ್ಯಗಳಲ್ಲಿ ಸೇರಿಹೋದ ಕಾನುಗಳಲ್ಲಿ ಗ್ರಾಮಸ್ಥರ ಹಕ್ಕು ತಪ್ಪಿತು. ಹಕ್ಕು ತಪ್ಪಿದ ಮೇಲೆ ಹೊಣೆಯೂ ತಪ್ಪಿತು. ಮೆಣಸನ್ನು ಕೊಯ್ಯುವ ಕಾರಣವಿಲ್ಲದವನಿಗೆ ಬೆಂಕಿಯನ್ನು ಆರಿಸುವ ಕಾರಣವೂ ಇರಲಿಲ್ಲ. ಕಂದಾಯಭೂಮಿಯೆಂದು ಉಳಿದ ಕಾನುಗಳಿಗೆ ಅರಣ್ಯದ ಕಾಯಿದೆಯ ರಕ್ಷಣೆ ದೊರೆಯಲಿಲ್ಲ. ಅಲ್ಲಿ ಕಾಫಿ, ಅಡಕೆ, ಬಾಳೆಗಳು ಅಂಚಿನಿಂದ ಒಳಕ್ಕೆ ಸರಿಯತೊಡಗಿದುವು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ ಭೂಮಿಗಳು, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳು, ಹಳೆಯ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟಗಳು, ಕೊಡಗಿನ ಜಮ್ಮಾ ಮತ್ತು ಬಾಣೆಗಳು ಇವುಗಳ ಪೂರ್ವದ ಸವಲತ್ತುಗಳನ್ನು ಹೆಸರೆತ್ತಿ ಉಳಿಸಿತು. ಹಳೆಯ ಶಬ್ದಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸಿದ ಈ ನಿಬಂಧನೆಯು ಭಾಷಾಪ್ರಿಯರಿಗೂ ಸ್ವಾರಸ್ಯವಾದುದು. ಆದರೆ ಸವಲತ್ತಿನ ಹೆಸರು ಉಳಿದರೂ, ಹಿಂದೆ ಆ ಹೆಸರಿನೊಡನೆ ಸೇರಿದ್ದ ನಿಷೇಧವು ಅದರಲ್ಲಿ ಉಳಿಯಲಿಲ್ಲ.

ಕೊಡಗಿನ ದೇವರಕಾಡುಗಳ ಚರಿತ್ರೆಯು ಇದಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ೧೯೦೫ರಲ್ಲಿ ಅವು ಕಂದಾಯಖಾತೆಗೆ ವರ್ಗವಾದಾಗ ಅವುಗಳ ವಿಸ್ತಾರವು ೧೫,೫೦೬ ಎಕರೆಗಳಿದ್ದಿತು. ೧೯೮೫ರಲ್ಲಿ ಪುನಃ ಅರಣ್ಯಖಾತೆಗೆ ಬಂದಾಗ ಉಳಿದುದು ೬,೨೯೯ ಎಕರೆ. ಎಂಬತ್ತು ವರ್ಷಗಳಲ್ಲಿ ಐದು ಪಾಲಿನಲ್ಲಿ ಮೂರು ಪಾಲು ಹೋಯಿತು. ಅಲ್ಲಿ ದೈವಭಕ್ತಿಯು ಕುಂದಿತೆಂದು ಹೇಳುವಂತಿಲ್ಲ, ಉತ್ಸವಗಳು ನಡೆದೇ ನಡೆದುವು. ಕಾಫಿಯ ಬೆಲೆಯೂ ಖಾತೆಯ ಬದಲಾವಣೆಯೂ ಕೂಡಿದಾಗ ಭಕ್ತಿಯೊಂದರಿಂದಲೇ ಕಾಡು ಉಳಿಯದೆಂಬುದು ಇದರಿಂದ ಸಿದ್ಧವಾಗುತ್ತದೆ.

೬

ಇಪ್ಪತ್ತನೆಯ ಶತಮಾನದಲ್ಲಿ ಮಾರ್ಪಾಟಿನ ವೇಗವು ಇಮ್ಮಡಿಸಿತು. ಮೊದಮೊದಲು ಅರಣ್ಯಾಧಿಕಾರಿಗಳ ದೃಷ್ಟಿಯೆಲ್ಲ ತೇಗ, ಬೀಟೆ, ಹೊನ್ನೆಗಳ ಮೇಲಿದ್ದಿತು. ಕಾನಿನ ಮೆದು ಮರಗಳಿಗೆ ಬೆಲೆಯಿರಲಿಲ್ಲ; ಆ ನಿರ್ಲಕ್ಷ್ಯವೇ ಅವುಗಳಿಗೆ ಕಾವಲಾಗಿದ್ದಿತು. ೧೯೪೦ರ ದಶಕದಿಂದೀಚೆಗೆ ಪ್ಲೈವುಡ್ಡಿನ ಕಾರ್ಖಾನೆಗಳು ಬಂದುವು, ರೈಲ್ವೆಯ ಅಡಿಮರಗಳಿಗೆ ಮೆದು ಮರವನ್ನೂ ಎಣ್ಣೆಯೂಡಿಸಿ ಉಪಯೋಗಿಸುವ ಕ್ರಮವು ಹಬ್ಬಿತು. ಆಗ ಧೂಪ, ಸುರಹೊನ್ನೆಗಳೂ ಕಾಸಿಗೆ ಬಾಳುವ ಮರಗಳಾದುವು.

೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟು ಶರಾವತಿಯ ಕಣಿವೆಯಲ್ಲಿ ೩೦೦ ಚದರ ಕಿಲೋಮೀಟರಿಗೂ ಮಿಕ್ಕ ನೆಲವನ್ನು ನೀರಿನಲ್ಲಿ ಅಡಗಿಸಿತು. ಗದ್ದೆ, ತೋಟ, ಊರು, ಕಾನು ಎಲ್ಲವೂ ಆ ನೀರಿನ ಕೆಳಗಿವೆ. ಮನೆಮಠಗಳನ್ನು ಕಳೆದುಕೊಂಡ ಸಂಸಾರಗಳಿಗೆ ನೆಲ ಕೊಡಬೇಕಾಗಿ ಬಂದಾಗ ಶಿವಮೊಗ್ಗೆಯ ಬೇರೆ ಅರಣ್ಯಗಳನ್ನು ಬಯಲುಮಾಡಲಾಯಿತು. ಒಂದು ಮಾರ್ಪಾಟು ಮತ್ತೊಂದನ್ನು ಹೆರುವ ಕ್ರಮಕ್ಕೆ ಇದು ಸ್ಪಷ್ಟವಾದ ನಿದರ್ಶನ.

ನೆಡುತೋಪುಗಳದು ಇನ್ನೊಂದು ಕಥೆ. ೧೯೬೦-೭೦ರ ದಶಕಗಳಲ್ಲಿ ಕಾಗದದ ಮತ್ತು ರೇಯಾನಿನ ಕಾರ್ಖಾನೆಗಳ ಅಗತ್ಯಕ್ಕಾಗಿ ಘಟ್ಟದ ಸಹಜಾರಣ್ಯವನ್ನು ಬುಡಸಹಿತ ತೆಗೆದು ನೀಲಗಿರಿಯನ್ನು ನೆಟ್ಟರು. ಆಸ್ಟ್ರೇಲಿಯದ ಒಣನೆಲದಿಂದ ಬಂದ ಆ ಮರವು ಮಲೆನಾಡಿನ ಜಡಿಮಳೆಯನ್ನು ತಾಳಲಾರದೆ, ತೊಗಟೆಯ ಮೇಲೆ ಗುಲಾಬಿ ಬಣ್ಣದ ಶಿಲೀಂಧ್ರವು ಹಬ್ಬುವ ಒಂದು ರೋಗಕ್ಕೆ ತುತ್ತಾಯಿತು. ಸಾವಿರಾರು ಎಕರೆಗಳಲ್ಲಿ ಹೊಸ ಮರವೂ ನಿಲ್ಲಲಿಲ್ಲ, ಹಳೆಯ ಮರವೂ ಮರಳಲಿಲ್ಲ. ತರುವಾಯ ಬಂದುದು ಅಕೇಶಿಯ. ಅದು ಚೆನ್ನಾಗಿಯೇ ಬೆಳೆಯಿತು. ಆದರೆ ಅದರ ಅಡಿಯಲ್ಲಿ ಮೆಣಸು ಹಬ್ಬಲಿಲ್ಲ, ಅದರ ಕೊಂಬೆಯಲ್ಲಿ ಮಂಗಟ್ಟೆ ಹಕ್ಕಿಗೆ ಹಣ್ಣು ದೊರೆಯಲಿಲ್ಲ. ಮರಗಳ ಲೆಕ್ಕದಲ್ಲಿ ಅರಣ್ಯವು ಹೆಚ್ಚಿದಂತೆ ತೋರಿ, ಜೀವಿಗಳ ಲೆಕ್ಕದಲ್ಲಿ ಕ್ಷೀಣಿಸಿತು. ೧೯೮೩ನೆಯ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ‘ಅಪ್ಪಿಕೊ’ ಚಳವಳಿಯು ಈ ಅನುಭವದಿಂದಲೇ ಹುಟ್ಟಿತು.

೭

ಕಾನು ಮಾರ್ಪಟ್ಟಾಗ ಜೀವವೈವಿಧ್ಯಕ್ಕೆ ತಗಲುವ ಹಾನಿಯು ಹೇಗೆ ಒದಗುವುದೆಂಬುದನ್ನು ಬಿಡಿಸಿ ನೋಡಬೇಕಾಗಿದೆ. ಮೊದಲನೆಯದು ನೇರವಾದ ನಾಶ. ಅದು ಯಾರಿಗೂ ಕಾಣುವಂಥದು. ಎರಡನೆಯದು ವಿಭಜನೆ. ೧೯೦ ಎಕರೆಯ ಕಾನು ಇಪ್ಪತ್ತು ಎಕರೆಯ ತುಂಡುಗಳಾದರೆ, ಪ್ರತಿಯೊಂದು ತುಂಡಿನ ಅಂಚಿನಿಂದಲೂ ಬಿಸಿಲು, ಗಾಳಿ, ಬೆಂಕಿ, ದನ ಇವು ಒಳನುಗ್ಗುತ್ತವೆ. ನೆರಳಿನಲ್ಲಿಯೇ ಮೊಳೆಯತಕ್ಕ ಸಸಿಗಳು ಸಾಯುತ್ತವೆ. ಬಿಸಿಲನ್ನು ಬಯಸುವ ಲಂಟಾನದಂತಹ ಪರದೇಶದ ಪೊದೆಗಳು ಆ ಸ್ಥಾನವನ್ನು ಹಿಡಿಯುತ್ತವೆ. ಮೂರನೆಯದು ಸಂಬಂಧಗಳ ಛೇದ. ರಾಮಪತ್ರೆ, ಧೂಪ ಮೊದಲಾದ ಮರಗಳ ಬೀಜಗಳು ದೊಡ್ಡವು. ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವ ಜಾತಿಗಳೂ ಅವುಗಳಲ್ಲಿವೆ. ಮಂಗಟ್ಟೆಯಂತಹ ದೊಡ್ಡ ಹಕ್ಕಿಗಳೇ ಅಂತಹ ಬೀಜಗಳ ವಾಹಕರು. ಆ ಹಕ್ಕಿಗೆ ಗೂಡಿಗಾಗಿ ಮುದಿಮರದ ಪೊಟರೆ ಬೇಕು. ಮುದಿಮರವು ಹೋದರೆ ಹಕ್ಕಿ ಹೋಗುವುದು. ಹಕ್ಕಿ ಹೋದರೆ, ನಿಂತ ಮರಗಳಿಗೂ ಸಂತಾನವಿಲ್ಲ. ಇಂತಹ ಕಾನು ನೂರು ವರ್ಷ ಹಸುರಾಗಿ ತೋರಬಹುದು, ಆದರೆ ಅದರ ವಂಶವು ಆಗಲೇ ನಿಂತಿರುತ್ತದೆ.

ಇದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಉಜ್ವಲವಾದ ಉದಾಹರಣೆ. ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟವನ್ನೇರುವ ಹೆದ್ದಾರಿಯ ಬದಿಯ ಈ ಕಾನಿನಲ್ಲಿ, ಬತ್ತದ ಹಳ್ಳಗಳ ದಂಡೆಯಲ್ಲಿ, ರಾಮಪತ್ರೆಯ ಕುಲದ ಮರಗಳು ಬೆಳೆದ ಜೌಗುಗಳಿವೆ. ನೀರಿನೊಳಗೆ ಉಸಿರಾಡುವುದಕ್ಕಾಗಿ ಆ ಮರಗಳ ಬೇರುಗಳು ಮಡಚಿದ ಮೊಣಕಾಲಿನಂತೆ ಬಾಗಿ ನೆಲದಿಂದ ಮೇಲೆದ್ದಿರುತ್ತವೆ. ಹೂಬಿಡುವ ಸಸ್ಯಗಳಲ್ಲಿ ಬಹು ಪ್ರಾಚೀನವೆನಿಸಿದ ವಂಶಗಳಲ್ಲಿ ಈ ಕುಟುಂಬವೂ ಒಂದು. ಇಂತಹ ಜೌಗುಗಳನ್ನು ಮೊದಲು ವಿದ್ವಾಂಸರು ವಿವರಿಸಿದುದು ೧೯೬೦ರಲ್ಲಿ, ತಿರುವಾಂಕೂರಿನಲ್ಲಿ. ಘಟ್ಟದಲ್ಲಿ ಇವು ವಿರಳವಾಗಿರುವುದಕ್ಕೆ ಕಾರಣವು ಸ್ಪಷ್ಟವಾಗಿದೆ: ಸದಾ ನೀರಿರುವ ಕಣಿವೆಯ ತಳವೇ ಭತ್ತಕ್ಕೂ ಅಡಕೆಗೂ ಅತ್ಯುತ್ತಮವಾದ ನೆಲ. ಜೌಗುಮರಗಳ ಮನೆಯೂ ರೈತನ ಗದ್ದೆಯೂ ಒಂದೇ ಸ್ಥಳವನ್ನು ಬಯಸಿದುವು. ಶತಮಾನಗಳ ಆ ಸ್ಪರ್ಧೆಯಲ್ಲಿ ಜೌಗು ಸೋತು, ದೈವದ ಅಥವಾ ದುರ್ಗಮತೆಯ ಮರೆಯಿದ್ದ ಕೆಲವೆಡೆಗಳಲ್ಲಿ ಮಾತ್ರ ಉಳಿಯಿತು.

ಹೀಗೆ ಉಳಿದ ಕತ್ತಲೆಕಾನಿನಲ್ಲಿ, ತಿರುವಾಂಕೂರಿಗೆ ಮಾತ್ರ ಸೇರಿದುದೆಂದು ಎಣಿಸಿದ್ದ ಒಂದು ಜಾತಿಯ ನೇರಳೆಯು ಕಂಡುಬಂದಿತು. ಶಾಸ್ತ್ರಜ್ಞರಿಗೆ ಹಿಂದೆಂದೂ ತಿಳಿಯದಿದ್ದ, ಗೇರಿನ ಬಂಧುವಾದ ಒಂದು ಮರವೂ ಅಲ್ಲಿ ದೊರೆಯಿತು. ೨೦೦೦ದಲ್ಲಿ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ನಾಮಕರಣವಾಯಿತು. ಕನ್ನಡದ ಕಾನು ಎಂಬ ಶಬ್ದವು ಹೀಗೆ ಲ್ಯಾಟಿನ್ ರೂಪವನ್ನು ತಾಳಿ ಲೋಕದ ಸಸ್ಯಶಾಸ್ತ್ರವನ್ನು ಸೇರಿತು. ಇಷ್ಟು ದೊಡ್ಡ ಮರವೊಂದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ವಿದ್ವಾಂಸರ ಕಣ್ಣಿಗೆ ಬೀಳದೆ ಇದ್ದಿತೆಂದ ಮೇಲೆ, ಸೊರಬದ ೧೭೧ ಕಾನುಗಳಲ್ಲಿ ಹೆಸರನ್ನೇ ಪಡೆಯದೆ ಅಳಿದುವು ಏನೇನಿದ್ದುವೋ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರ ಹೇಳುವ ಸಾಧನವೇ ಉಳಿದಿಲ್ಲ. ಅಂತಹ ಹಾನಿಯ ನಿಜವಾದ ಅಳತೆಯೂ ಇದೇ. ಶರಾವತಿ ಅಘನಾಶಿನಿಗಳ ನಡುವಣ ಇದೇ ಕಾನುಗಳ ನೆತ್ತಿಯಲ್ಲಿ ಮರದಿಂದ ಮರಕ್ಕೆ ಸಂಚರಿಸುವ ಸಿಂಗಳೀಕಗಳ ಹಲವು ತಂಡಗಳು ಇನ್ನೂ ಇವೆ. ಘಟ್ಟದ ಹೊರಗೆ ಈ ಪ್ರಾಣಿಗೆ ನೆಲೆಯಿಲ್ಲ. ಅದರ ರಕ್ಷಣೆಗಾಗಿ ೨೦೧೧ರಲ್ಲಿ ಅಘನಾಶಿನಿಯ ಕಣಿವೆಯು ಸಂರಕ್ಷಿತಪ್ರದೇಶವೆಂದು ಘೋಷಿಸಲ್ಪಟ್ಟಿತು.

೮

ಈ ಹಾನಿಯು ಗಿಡಮರಗಳಲ್ಲಿಯೇ ನಿಲ್ಲಲಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತುವು. ಸುತ್ತಣ ಹಳ್ಳಿಗಳ ಜನರು ಉರಿಜ್ವರದಿಂದ ಮಲಗಿದರು. ಮೊದಲು ಹಳದಿಜ್ವರವಿರಬಹುದೆಂಬ ಶಂಕೆಯುಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಶೋಧಿಸಿ, ಉಣುಗುಗಳ ಮೂಲಕ ಹಬ್ಬುವ ಹೊಸ ರೋಗವಿದೆಂದು ನಿರ್ಣಯಿಸಿದರು. ಕ್ಯಾಸನೂರಿನ ಹೆಸರು ಹೀಗೆ ವೈದ್ಯಗ್ರಂಥಗಳನ್ನು ಸೇರಿತು. ಜನರು ಅದನ್ನು ಮಂಗನ ಕಾಯಿಲೆಯೆಂದರು.

ಈ ರೋಗದ ಮೂಲವನ್ನು ವಿವೇಚಿಸಿದ ಬೊಶೆಲ್ ಎಂಬ ವಿದ್ವಾಂಸನು ೧೯೬೯ರಲ್ಲಿ ಒಂದು ವಾದವನ್ನು ಮುಂದಿಟ್ಟನು. ವಿಷಾಣುವು ಕಾಡಿನ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ ಬಹುಕಾಲದಿಂದ ಇದ್ದಿರಬಹುದು. ಜನಸಂಖ್ಯೆ ಹೆಚ್ಚಿ, ಕಾಡನ್ನು ಕಡಿದು ಗದ್ದೆಮಾಡಿ, ದನಗಳು ಕಾಡಿನ ಅಂಚಿನಲ್ಲಿ ಮೇಯತೊಡಗಿದುವು. ಬೆಳೆದ ಉಣುಗು ದನದ ರಕ್ತವನ್ನು ಕುಡಿದು ಅಸಂಖ್ಯ ಮೊಟ್ಟೆಗಳನ್ನಿಡುವುದು. ಹೀಗೆ ಉಣುಗುಗಳು ಹಿಂದೆಂದೂ ಇಲ್ಲದಷ್ಟು ವೃದ್ಧಿಯಾಗಿ, ಅಡಗಿದ್ದ ರೋಗವು ಮಂಗಗಳಿಗೂ ಮನುಷ್ಯರಿಗೂ ತಗಲಿತು. ಇದು ಊಹೆಯೇ ಆದರೂ ಮುಂದಿನ ಅನುಭವವು ಅದಕ್ಕೆ ಅನುಕೂಲವಾಗಿದೆ. ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಅರಣ್ಯವನ್ನು ಕಡಿದ ಬಳಿಕ ಅಲ್ಲಿಯೂ ಈ ಕಾಯಿಲೆಯು ಪ್ರಬಲವಾಗಿ ತಲೆದೋರಿತು. ಕಾಡಿನೊಳಗಿನ ಜೀವಿಗಳ ಪರಸ್ಪರ ತೂಕವು ತಪ್ಪಿದಾಗ ಅದರ ದಂಡವನ್ನು ಮೊದಲು ತೆತ್ತವರು ದರಗು ಒಟ್ಟುವ, ಸೌದೆ ಹೊರುವ, ದನ ಕಾಯುವ ಬಡವರೆಂಬುದನ್ನು ಚರಿತ್ರಕಾರನು ಮರೆಯುವಂತಿಲ್ಲ.

೯

ಇದಕ್ಕೆ ಪ್ರತಿವಾದಗಳಿಲ್ಲದಿಲ್ಲ. ಉಳುವವನಿಗೆ ನೆಲ ಬೇಡವೇ, ಮುಳುಗಿದ ಊರಿನವನು ಎಲ್ಲಿಗೆ ಹೋಗಬೇಕು ಎಂಬುದು ಮೊದಲನೆಯದು. ಇದು ನ್ಯಾಯವಾದ ಪ್ರಶ್ನೆ. ಕಾನಿನ ಹಳೆಯ ಅನುಭೋಗವು ಎಲ್ಲರಿಗೂ ಸಮನಾಗಿರಲಿಲ್ಲ, ತೆರಿಗೆ ಸಲ್ಲಿಸಬಲ್ಲ ಮನೆತನಗಳಿಗೆ ಹೆಚ್ಚು ಸಲ್ಲುತ್ತಿದ್ದಿತೆಂಬುದೂ ನಿಜ. ಆದರೆ ಮೇಲೆ ವಿವರಿಸಿದ ಮಾರ್ಪಾಟುಗಳಲ್ಲಿ ಬಹುಭಾಗವು ಬಡವನ ಗದ್ದೆಗಾಗಿ ನಡೆಯಲಿಲ್ಲ. ಪ್ಲೈವುಡ್ಡು, ಕಾಗದ, ವಿದ್ಯುಚ್ಛಕ್ತಿ, ಕಾಫಿ ಇವುಗಳ ಫಲವು ದೂರಕ್ಕೆ ಹೋಯಿತು. ಬತ್ತಿದ ಒರತೆಯೊಂದು ಊರಿನಲ್ಲಿಯೇ ಉಳಿಯಿತು.

ಎರಡನೆಯದು, ತೋಟವೂ ಹಸುರಲ್ಲವೇ ಎಂಬ ವಾದ. ನೆರಳುಮರಗಳನ್ನುಳಿಸಿಕೊಂಡ ಕಾಫಿಯ ತೋಟದಲ್ಲಿಯೂ, ಸೊಪ್ಪಿನಬೆಟ್ಟದ ಆಶ್ರಯದಲ್ಲಿರುವ ಅಡಕೆಯ ತೋಟದಲ್ಲಿಯೂ ಎಷ್ಟೋ ಹಕ್ಕಿಗಳು ಬಾಳುತ್ತವೆಂಬುದನ್ನು ಅಲ್ಲಗಳೆಯಲಾಗದು. ಬರಿಯ ನೀಲಗಿರಿಯ ತೋಪಿಗಿಂತ ಅವು ಎಷ್ಟೋ ಮೇಲು. ಆದರೆ ಅಲ್ಲಿ ಬಾಳುವುವು ಬಹುಮಟ್ಟಿಗೆ ಎಲ್ಲಿ ಬೇಕಾದರೂ ಬಾಳಬಲ್ಲ ಜೀವಿಗಳು. ಕಾನಿನಲ್ಲಲ್ಲದೆ ಬೇರೆಡೆ ಬಾಳಲಾರದ ಜೌಗುಮರಕ್ಕೂ ಸಿಂಗಳೀಕಕ್ಕೂ ತೋಟವು ಮನೆಯಾಗದು. ಜೀವವೈವಿಧ್ಯದ ಲೆಕ್ಕದಲ್ಲಿ ಎಷ್ಟು ಉಳಿದುವೆಂಬುದಕ್ಕಿಂತಲೂ ಯಾವುವು ಉಳಿದುವೆಂಬುದು ಹಿರಿದು.

೧೦

ಕಾನುಗಳ ಚರಿತ್ರೆಯು ಶಬ್ದದಿಂದ ಮೊದಲಾಗಿ ಶಬ್ದಕ್ಕೇ ಮರಳುತ್ತದೆ. ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯು ಅರಣ್ಯವನ್ನು ಅನ್ಯ ಕಾರ್ಯಗಳಿಗೆ ಬಳಸುವುದಕ್ಕೆ ಕೇಂದ್ರ ಸರ್ಕಾರದ ಅನುಮತಿಯನ್ನು ವಿಧಿಸಿತು. ಆದರೆ ಅರಣ್ಯವೆಂದರೆ ಯಾವುದು? ೧೯೯೬ನೆಯ ಡಿಸೆಂಬರ್ ೧೨ರಂದು ಗೋದಾವರ್ಮನ್ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಒಡೆತನವು ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲವೂ ಅರಣ್ಯವೇ ಎಂದು ತೀರ್ಮಾನಿಸಿತು. ಕಂದಾಯದ ಪುಸ್ತಕದಲ್ಲಿ ಬಿದ್ದಿದ್ದ ಕಾನುಗಳಿಗೆ ನೂರು ವರ್ಷಗಳ ತರುವಾಯ ನಿಘಂಟಿನ ಮೂಲಕ ರಕ್ಷಣೆ ದೊರೆಯುವ ಸಂಭವವು ಹೀಗೆ ಒದಗಿತು. ೨೦೨೩ರ ತಿದ್ದುಪಡಿಯು ಆ ಅರ್ಥವನ್ನು ಘೋಷಿತವಾದ ಅಥವಾ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಭೂಮಿಗೆ ಸಂಕೋಚಗೊಳಿಸಿತು. ೨೦೨೪ನೆಯ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು, ವ್ಯಾಜ್ಯವು ತೀರುವವರೆಗೆ ನಿಘಂಟಿನ ಅರ್ಥವನ್ನೇ ಅನುಸರಿಸತಕ್ಕದ್ದೆಂದು ಮಧ್ಯಂತರದ ಆಜ್ಞೆಯನ್ನು ಕೊಟ್ಟಿತು.

ಒಂದು ಶಬ್ದದ ಅರ್ಥವು ಎಷ್ಟು ಎಕರೆಗಳನ್ನು ಉಳಿಸಬಲ್ಲದು, ಎಷ್ಟನ್ನು ಕಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣವು ಬೇಕಾಗಿಲ್ಲ. ಗ್ರಾಮಗಳ ಹಳೆಯ ಕಾನುಗಳ ಹೆಸರುಗಳು, ಎಲ್ಲೆಗಳು, ದೈವಗಳು, ಅವುಗಳಿಗೆ ಸೇರಿದ ನಡಾವಳಿಗಳು ಇನ್ನೂ ಮುದುಕರ ನೆನಪಿನಲ್ಲಿವೆ, ಊರಿನ ಕಡತಗಳಲ್ಲಿವೆ. ಅವುಗಳನ್ನು ಸಂಗ್ರಹಿಸುವ ಕಾರ್ಯವು ಸಸ್ಯಶಾಸ್ತ್ರಜ್ಞನದೆಂದು ಭಾಷಾಪಂಡಿತನೂ, ಭಾಷಾಪಂಡಿತನದೆಂದು ಸಸ್ಯಶಾಸ್ತ್ರಜ್ಞನೂ ಬಿಟ್ಟುಬಿಟ್ಟರೆ, ೧೮೬೮ರ ವರದಿಯ ಆ ೧೭೧ ಎಂಬ ಅಂಕೆಯೊಂದೇ ಕಡೆಗೆ ಉಳಿಯುವುದು. ಕಾಡು ಬೇರೆ, ಕಾನು ಬೇರೆ ಎಂದು ಬಲ್ಲ ನಾಲಗೆಯಿರುವವರೆಗೆ ಉಳಿದ ಕಾನುಗಳಿಗೆ ಒಬ್ಬ ಸಾಕ್ಷಿಯಾದರೂ ಇರುವನು.